ಎರಡು ಕಿಲೋ ತೂಕ, ಇಪ್ಪತ್ತು ವರ್ಷ ಆಯುಷ್ಯ: ಮರ ಬಿಟ್ಟಿಳಿಯದ ಕೆಂದಳಿಲು

ಬುಕ್ಕಾಂಬುಧಿ: ತೆಂಗು, ಅಡಿಕೆ, ಈರುಳ್ಳಿ ಬೆಳೆಯುವ ಅಜ್ಜಂಪುರ ತಾಲ್ಲೂಕಿನ ಈ ಭಾಗದಲ್ಲಿ ಅಳಿಲು ಎಂದರೆ ಬೆನ್ನ ಮೇಲೆ ಮೂರು ಪಟ್ಟೆಗಳಿರುವ, ಅಂಗೈಯಗಲದ ಪುಟ್ಟ ಪ್ರಾಣಿ. ಅದರ ತೂಕ ಸುಮಾರು 100 ಗ್ರಾಂ. ಇಲ್ಲಿಂದ ಪಶ್ಚಿಮಕ್ಕೆ ಅಜ್ಜಂಪುರ, ತರೀಕೆರೆಗಳನ್ನು ದಾಟಿ ಲಕ್ಕವಳ್ಳಿ ತಲುಪಿದರೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಕಾಡು ಆರಂಭವಾಗುತ್ತದೆ. ಅಲ್ಲಿನ ಮರಗಳ ಮೇಲಿರುವ ಅಳಿಲಿನ ತೂಕ ಒಂದೂವರೆಯಿಂದ ಎರಡು ಕಿಲೋ. ಒಂದೇ ಜಿಲ್ಲೆ, ಒಂದೇ ಕುಟುಂಬದ ಪ್ರಾಣಿಗಳು. ಆದರೆ ತೂಕದಲ್ಲಿ ಹದಿನೈದರಿಂದ ಇಪ್ಪತ್ತು ಪಟ್ಟು ಅಂತರ.

ಈ ದೊಡ್ಡ ಅಳಿಲನ್ನು ಕನ್ನಡದಲ್ಲಿ ಕೆಂದಳಿಲು ಅಥವಾ ಕೆಂಜಳಿಲು ಎಂದು ಕರೆಯಲಾಗುತ್ತದೆ. ವಿಜ್ಞಾನಿಗಳು ಇದಕ್ಕೆ ಇಟ್ಟಿರುವ ಹೆಸರು ರಟೂಫಾ ಇಂಡಿಕಾ. ಭಾರತದ ಹೊರಗೆ ಇನ್ನೆಲ್ಲಿಯೂ ಈ ಜಾತಿ ಸ್ವಾಭಾವಿಕವಾಗಿ ಕಂಡುಬರುವುದಿಲ್ಲ. ನೆರೆಯ ಮಹಾರಾಷ್ಟ್ರವು ಇದನ್ನು 'ಶೇಕರು' ಎಂದು ಕರೆದು ರಾಜ್ಯ ಪ್ರಾಣಿಯ ಸ್ಥಾನ ನೀಡಿದೆ.

ಮೈಗಿಂತ ಬಾಲವೇ ಉದ್ದ

ಕೆಂದಳಿಲಿನ ತಲೆ ಮತ್ತು ದೇಹದ ಉದ್ದ ಸಾಮಾನ್ಯವಾಗಿ 35 ಸೆಂಟಿಮೀಟರ್ ಆಸುಪಾಸಿನಲ್ಲಿರುತ್ತದೆ. ಬಾಲ ಅದಕ್ಕಿಂತಲೂ ಉದ್ದ. ಮೂಗಿನ ತುದಿಯಿಂದ ಬಾಲದ ತುದಿಯವರೆಗೆ ಅಳೆದರೆ ದೊಡ್ಡ ಪ್ರಾಣಿಗಳು ಒಂದು ಮೀಟರ್‌ವರೆಗೂ ಇರಬಲ್ಲವು. ಬೆನ್ನು ಕಡುಗೆಂಪು, ಹೊಟ್ಟೆ ಮತ್ತು ಮುಂಗಾಲು ಕೆನೆಬಣ್ಣ. ಬಣ್ಣವು ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುವುದುಂಟು.

ಉದ್ದನೆಯ ಬಾಲ ಅಲಂಕಾರಕ್ಕಾಗಿ ಇರುವುದಲ್ಲ. ಎರಡು ಕಿಲೋ ತೂಕದ ಪ್ರಾಣಿಯೊಂದು ತೆಳುವಾದ ಕೊಂಬೆಯ ಮೇಲೆ ಕುಳಿತು ಹಣ್ಣು ತಿನ್ನಬೇಕಾದರೆ ಸಮತೋಲ ಅತ್ಯವಶ್ಯಕ. ಹಿಂಗಾಲುಗಳಿಂದ ಕೊಂಬೆಯನ್ನು ಹಿಡಿದು, ಒಂದು ಬದಿಗೆ ದೇಹ, ಇನ್ನೊಂದು ಬದಿಗೆ ಬಾಲವನ್ನು ಇಳಿಬಿಟ್ಟು ಕೆಂದಳಿಲು ತಕ್ಕಡಿಯಂತೆ ಕುಳಿತುಕೊಳ್ಳುತ್ತದೆ. ಮರದಿಂದ ಮರಕ್ಕೆ ಸುಮಾರು ಆರು ಮೀಟರ್ ದೂರ ಜಿಗಿಯುವ ಶಕ್ತಿಯೂ ಅದಕ್ಕಿದೆ.

ಗೂಡು ಕಟ್ಟುವ ಕ್ರಮವೂ ತೂಕದ ಲೆಕ್ಕಾಚಾರವನ್ನೇ ಅನುಸರಿಸುತ್ತದೆ. ಎಲೆ ಮತ್ತು ಕಡ್ಡಿಗಳಿಂದ ಹೆಣೆದ ಚೆಂಡಿನಾಕಾರದ ಗೂಡನ್ನು ಎತ್ತರದ ತೆಳು ಕೊಂಬೆಗಳಲ್ಲಿ ಕಟ್ಟಲಾಗುತ್ತದೆ. ತನ್ನ ಭಾರವನ್ನು ತಡೆಯುವ, ಆದರೆ ತನಗಿಂತ ಭಾರವಾದ ಚಿರತೆಯಂತಹ ಬೇಟೆಗಾರನ ಭಾರವನ್ನು ತಡೆಯದ ಕೊಂಬೆಯೇ ಸುರಕ್ಷಿತ ತಾಣ. ಒಂದೇ ಅಳಿಲು ತನ್ನ ವ್ಯಾಪ್ತಿಯಲ್ಲಿ ಹಲವು ಗೂಡುಗಳನ್ನು ಕಟ್ಟಿಕೊಂಡಿರುತ್ತದೆ.

ಮರದ ಮೇಲಿದ್ದರೆ ಆಯುಷ್ಯ ಹೆಚ್ಚು

ಮೃಗಾಲಯಗಳ ಆಶ್ರಯದಲ್ಲಿ ಕೆಂದಳಿಲು 20 ವರ್ಷದ ಆಸುಪಾಸಿನವರೆಗೆ ಬದುಕಿದ್ದಿದೆ. ಅಂಗಳದ ಪಟ್ಟೆ ಅಳಿಲಿನ ಆಯುಷ್ಯ ಆಶ್ರಯದಲ್ಲಿಯೂ ಐದಾರು ವರ್ಷ ಮಾತ್ರ. ದೊಡ್ಡ ಪ್ರಾಣಿಗಳು ಹೆಚ್ಚು ಕಾಲ, ಸಣ್ಣ ಪ್ರಾಣಿಗಳು ಕಡಿಮೆ ಕಾಲ ಬದುಕುತ್ತವೆ ಎಂಬುದು ಜೀವಶಾಸ್ತ್ರದ ಸಾಮಾನ್ಯ ನಿಯಮ. ಆದರೆ ಕೆಂದಳಿಲಿನ ಆಯುಷ್ಯವನ್ನು ತೂಕವೊಂದೇ ವಿವರಿಸಲಾರದು. ಅದೇ ಎರಡು ಕಿಲೋ ತೂಗುವ ಮೊಲ ಇಷ್ಟು ವರ್ಷ ಬದುಕುವುದಿಲ್ಲ.

ಈ ಪ್ರಶ್ನೆಗೆ 2010ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಮಿಲೆನಾ ಶಾಟಕ್ ಮತ್ತು ಸ್ಕಾಟ್ ವಿಲಿಯಮ್ಸ್ ಉತ್ತರವೊಂದನ್ನು ಮುಂದಿಟ್ಟರು. 776 ಜಾತಿಯ ಸಸ್ತನಿಗಳ ಆಯುಷ್ಯವನ್ನು ಹೋಲಿಸಿ ನೋಡಿದಾಗ, ಮರದ ಮೇಲೆ ವಾಸಿಸುವ ಪ್ರಾಣಿಗಳು ಅದೇ ಗಾತ್ರದ ನೆಲವಾಸಿ ಪ್ರಾಣಿಗಳಿಗಿಂತ ಹೆಚ್ಚು ಕಾಲ ಬದುಕುತ್ತವೆ ಎಂಬುದು ಅವರಿಗೆ ಕಂಡುಬಂದಿತು. ನೆಲದ ಮೇಲಿನ ಬೇಟೆಗಾರರಿಂದ ದೂರವಿರುವ ಪ್ರಾಣಿಗೆ ಅಕಾಲ ಮರಣದ ಭಯ ಕಡಿಮೆ. ಅವಸರವಾಗಿ ಬೆಳೆದು, ಅವಸರವಾಗಿ ಹಲವು ಮರಿ ಹಾಕುವ ಅಗತ್ಯ ಅದಕ್ಕಿಲ್ಲ. ಲಕ್ಷಾಂತರ ವರ್ಷಗಳ ವಿಕಾಸದಲ್ಲಿ ಅದರ ಬದುಕಿನ ಗತಿಯೇ ನಿಧಾನವಾಯಿತು.

ಆದರೆ ಕಾಂಗರೂ, ಕೊವಾಲಾಗಳಂತಹ ಹೊಟ್ಟೆಚೀಲದ ಪ್ರಾಣಿಗಳ ಗುಂಪು ಈ ನಿಯಮಕ್ಕೆ ಹೊರತಾಗಿ ಕಂಡಿತು. ನ್ಯೂಗಿನಿ ಮತ್ತು ಆಸ್ಟ್ರೇಲಿಯಾದ ಮರಗಾಂಗರೂಗಳು ಈ ಗುಂಪಿಗೆ ಸೇರಿದವು. ಪಪುವಾ ನ್ಯೂಗಿನಿಯ ಮ್ಯಾಟ್ಶಿ ಮರಗಾಂಗರೂ ಸುಮಾರು 7ರಿಂದ 10 ಕಿಲೋ ತೂಗುತ್ತದೆ; ಮೃಗಾಲಯಗಳಲ್ಲಿ 20 ವರ್ಷ ದಾಟಿ ಬದುಕಿದೆ. ಅಂದರೆ ಅದರ ಐದನೇ ಒಂದು ಭಾಗದಷ್ಟು ತೂಕವಿರುವ ನಮ್ಮ ಕೆಂದಳಿಲು ಆಯುಷ್ಯದಲ್ಲಿ ಅದಕ್ಕೆ ಹೆಚ್ಚು ಕಡಿಮೆ ಸರಿಸಮನಾಗಿ ನಿಲ್ಲುತ್ತದೆ.

ದೀರ್ಘಾಯುಷ್ಯದ ಬೆಲೆ

ಈ ನಿಧಾನಗತಿಯ ಬದುಕಿಗೆ ಬೆಲೆಯೂ ಇದೆ. ಕೆಂದಳಿಲು ಒಂದು ಸೂಲಿಗೆ ಸಾಮಾನ್ಯವಾಗಿ ಒಂದು ಅಥವಾ ಎರಡು ಮರಿ ಹಾಕುತ್ತದೆ. ಪಟ್ಟೆ ಅಳಿಲು ವರ್ಷದಲ್ಲಿ ಹಲವು ಬಾರಿ ಎರಡು-ಮೂರು ಮರಿ ಹಾಕಿ ತನ್ನ ಸಂಖ್ಯೆಯನ್ನು ಬೇಗ ತುಂಬಿಕೊಳ್ಳುತ್ತದೆ. ಹತ್ತು ಪಟ್ಟೆ ಅಳಿಲು ಸತ್ತರೆ ಆ ನಷ್ಟ ಒಂದೆರಡು ವರ್ಷದಲ್ಲಿ ಕಾಣದಂತಾಗಬಹುದು. ಹತ್ತು ಕೆಂದಳಿಲು ಸತ್ತರೆ ಆ ಕಾಡಿನ ತುಂಡು ಚೇತರಿಸಿಕೊಳ್ಳಲು ಬಹಳ ವರ್ಷಗಳೇ ಬೇಕು. ಗುಜರಾತಿನ ಡಾಂಗ್ಸ್ ಕಾಡಿನಲ್ಲಿದ್ದ ಬಿಳಿಚು ಬಣ್ಣದ ಉಪಜಾತಿಯೊಂದು ಈಗಾಗಲೇ ಕಣ್ಮರೆಯಾಗಿದೆ ಎಂದೇ ಪರಿಗಣಿಸಲಾಗಿದೆ.

ಎರಡನೆಯ ಬೆಲೆ ಇನ್ನೂ ಗಂಭೀರವಾದುದು. ಮರದ ಮೇಲಿನ ಸುರಕ್ಷತೆ ಇರುವುದು ಮರಗಳ ನೆತ್ತಿ ಒಂದಕ್ಕೊಂದು ತಾಗಿರುವವರೆಗೆ ಮಾತ್ರ. ಜಿಗಿತದ ಮಿತಿ ಆರು ಮೀಟರ್. ರಸ್ತೆ ಅಗಲೀಕರಣ ಅಥವಾ ವಿದ್ಯುತ್ ಮಾರ್ಗಕ್ಕಾಗಿ ಅದಕ್ಕಿಂತ ಅಗಲವಾಗಿ ಮರ ಕಡಿದರೆ ಕೆಂದಳಿಲು ನೆಲಕ್ಕಿಳಿಯಲೇಬೇಕಾಗುತ್ತದೆ. ನೆಲದಲ್ಲಿ ಅದು ವಾಹನಕ್ಕೂ ನಾಯಿಗೂ ಸುಲಭದ ತುತ್ತು.

ಕಾಫಿ ತೋಟವೂ ಕಾಡಿನ ಭಾಗ

ಭದ್ರಾ ಅರಣ್ಯವು 1951ರಲ್ಲಿ ಜಾಗರ ಕಣಿವೆ ಅಭಯಾರಣ್ಯವಾಗಿ ಘೋಷಣೆಯಾಗಿ, 1998ರಲ್ಲಿ ಹುಲಿ ಯೋಜನೆಯ ವ್ಯಾಪ್ತಿಗೆ ಬಂದಿತು. ಕಾಡಿನೊಳಗಿದ್ದ ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳು 2001-02ರ ವೇಳೆಗೆ ಹೊರಗೆ ಪುನರ್ವಸತಿ ಪಡೆದವು. ಅವುಗಳಲ್ಲಿ ಬಹುಪಾಲು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆಸಿದವು. ಅವರು ಬಿಟ್ಟುಕೊಟ್ಟ ನೆಲದಲ್ಲಿ ಕಾಡು ಮತ್ತೆ ಕೂಡಿಕೊಳ್ಳಲು ಅವಕಾಶವಾಯಿತು.

ಆದರೆ ಕೆಂದಳಿಲಿನ ನೆಲೆ ಅಭಯಾರಣ್ಯದ ಗಡಿಗೆ ಮುಗಿಯುವುದಿಲ್ಲ. ಸುತ್ತಲಿನ ಕಾಫಿ ತೋಟಗಳಲ್ಲಿ ನೆರಳಿಗಾಗಿ ಉಳಿಸಿಕೊಂಡ ಅತ್ತಿ, ಬಸರಿ, ಹಲಸಿನಂತಹ ಮರಗಳು ಅದಕ್ಕೆ ಆಹಾರವನ್ನೂ ದಾರಿಯನ್ನೂ ಒದಗಿಸುತ್ತವೆ. ಇವುಗಳ ಜಾಗದಲ್ಲಿ ಸಿಲ್ವರ್ ಓಕ್ ನೆಟ್ಟರೆ ಬೆಳೆಗಾರರಿಗೆ ಮರಮುಟ್ಟಿನ ಆದಾಯ ಸಿಗುತ್ತದೆ, ಮೆಣಸಿನ ಬಳ್ಳಿಗೂ ಆಸರೆಯಾಗುತ್ತದೆ. ಆದರೆ ಹಣ್ಣಿಲ್ಲದ, ಕವಲು ಕಡಿಮೆಯಿರುವ ಆ ನೆಟ್ಟನೆಯ ಮರದಲ್ಲಿ ಕೆಂದಳಿಲಿಗೆ ಹೆಚ್ಚಿನದೇನೂ ಸಿಗದು.

ಪರಿಹಾರ ದುಬಾರಿಯದೇನಲ್ಲ. ರಸ್ತೆಯ ಇಕ್ಕೆಲಗಳ ಮರಗಳ ಕೊಂಬೆಗಳು ಅಲ್ಲಲ್ಲಿಯಾದರೂ ಕೂಡುವಂತೆ ಉಳಿಸುವುದು ಮೊದಲ ಹೆಜ್ಜೆ. ಅದು ಸಾಧ್ಯವಾಗದ ಕಡೆ ತಮಿಳುನಾಡಿನ ವಾಲ್ಪಾರೈಯಲ್ಲಿ ಸಿಂಗಳೀಕಗಳಿಗಾಗಿ ರಸ್ತೆಯ ಮೇಲೆ ಕಟ್ಟಿರುವಂತಹ ಸೇತುವೆಗಳನ್ನು ಕಟ್ಟಬಹುದು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಅಡಿ ಕೆಂದಳಿಲು ರಕ್ಷಿತ ಪ್ರಾಣಿ. ಅದನ್ನು ಬೇಟೆಯಾಡುವುದು ಶಿಕ್ಷಾರ್ಹ ಅಪರಾಧ. ಬಂದೂಕಿನಿಂದ ಅದನ್ನು ಕಾಯಲು ಕಾನೂನಿದೆ. ಕೊಂಬೆಗಳ ನಡುವಿನ ಆರು ಮೀಟರ್ ಅಂತರವನ್ನು ಕಾಯುವ ಹೊಣೆ ರಸ್ತೆ ಮಾಡುವವರ ಮತ್ತು ತೋಟ ಮಾಡುವವರ ಮೇಲಿದೆ.

ಕೆಂದಳಿಲು: ಅಂಕಿಗಳಲ್ಲಿ

ತೂಕ: ಒಂದೂವರೆಯಿಂದ 2 ಕಿಲೋ
ತಲೆ ಮತ್ತು ದೇಹದ ಉದ್ದ: ಸುಮಾರು 35 ಸೆಂ.ಮೀ.
ಬಾಲ ಸೇರಿ: 1 ಮೀಟರ್‌ವರೆಗೆ
ಜಿಗಿತ: ಸುಮಾರು 6 ಮೀಟರ್
ಒಂದು ಸೂಲಿಗೆ ಮರಿ: 1 ಅಥವಾ 2
ಆಯುಷ್ಯ: ಮೃಗಾಲಯದಲ್ಲಿ ಸುಮಾರು 20 ವರ್ಷದವರೆಗೆ