ವಾರ್ಡಿನ ಧಗೆ ಅಳೆಯುವವರು ಯಾರು?

ಹೊಸ ಆಸ್ಪತ್ರೆ ಉದ್ಘಾಟನೆಯಾದ ಮರುದಿನ ಪತ್ರಿಕೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಹಾಸಿಗೆಗಳ ಸಂಖ್ಯೆ. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ ಉದ್ಘಾಟನೆಯಾದಾಗಲೂ ಹಾಗೇ ಆಯಿತು. 371 ಹಾಸಿಗೆ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ 371(ಜೆ) ವಿಧಿಯ ನೆನಪಿಗೆ. ಓದಿ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. ನಮ್ಮ ಕೊಡ್ಲಿ ಕಡೆಯವರು ಎದೆನೋವು ಎಂದರೆ ಹೈದರಾಬಾದ್, ಸೊಲ್ಲಾಪುರದ ದಾರಿ ಹಿಡಿಯುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ.

ಸಂಖ್ಯೆಗಳ ಮೇಲೆ ನನಗೆ ತಕರಾರಿಲ್ಲ. ಸಿವಿಲ್ ಎಂಜಿನಿಯರಿಂಗ್ ಓದುವವಳಿಗೆ ಸಂಖ್ಯೆಗಳೇ ಅನ್ನ. ಬಯಲುಸೀಮೆಯಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000ಕ್ಕೆ ಒಂದು, ಸಮುದಾಯ ಆರೋಗ್ಯ ಕೇಂದ್ರಕ್ಕೆ 30 ಹಾಸಿಗೆ ಎಂಬ ರಾಷ್ಟ್ರೀಯ ಮಾನದಂಡಗಳಿವೆ. ಆದರೆ ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಆ ಹಾಸಿಗೆಯ ಮೇಲೆ ಎಷ್ಟು ಡಿಗ್ರಿ ಇರುತ್ತದೆ? ಈ ಪ್ರಶ್ನೆಯನ್ನು ಯಾರೂ ಕೇಳಿದ್ದನ್ನು ನಾನು ನೋಡಿಲ್ಲ.

ನನ್ನ ತಲೆಗೆ ಈ ಪ್ರಶ್ನೆ ಹೊಕ್ಕಿದ್ದು ಎರಡು ವರ್ಷದ ಹಿಂದೆ, ಅಕ್ಕನ ಹೆರಿಗೆಯಾದಾಗ. ಅದೂ ಮೇ ತಿಂಗಳು. ಆಸ್ಪತ್ರೆಯ ಹೆಸರು ಬೇಡ, ಡಾಕ್ಟರು, ನರ್ಸ್‌ಗಳು ಚೆನ್ನಾಗಿಯೇ ನೋಡಿಕೊಂಡರು. ಬಾಣಂತಿಯರ ವಾರ್ಡ್ ಮಾತ್ರ ಮೇಲಿನ ಮಹಡಿಯಲ್ಲಿತ್ತು. ಅದರ ಮೇಲೆ ಬರೀ ಸ್ಲ್ಯಾಬು, ಸ್ಲ್ಯಾಬಿನ ಮೇಲೆ ನಮ್ಮೂರ ಬಿಸಿಲು. ಸಂಜೆ ಏಳಾದರೂ ಛತ್ತು ತಣ್ಣಗಾಗುತ್ತಿರಲಿಲ್ಲ. ಫ್ಯಾನ್ ಹಾಕಿದರೆ ಛತ್ತಿನ ಕೆಳಗೆ ನಿಂತ ಬಿಸಿಗಾಳಿಯೇ ಇಳಿದು ಕೂಸಿನ ಮೈಮೇಲೆ ಬೀಳುತ್ತಿತ್ತು. ನಮ್ಮ ಆಯಿ ಟವೆಲ್ ಒದ್ದೆ ಮಾಡಿ ಕಿಟಕಿಗೆ ಕಟ್ಟಿದಳು. ಬಾಣಂತಿಯರು ಮಂಚ ಬಿಟ್ಟು ನೆಲದ ಫರಸಿ ಮೇಲೆ ಮಲಗುತ್ತಿದ್ದರು. ನರ್ಸಮ್ಮ ಬಂದು ‘ಕೆಳಗ ಮಲಗಬ್ಯಾಡ್ರೀ’ ಎಂದು ಎಬ್ಬಿಸಿ ಹೋದರೆ ಐದು ನಿಮಿಷಕ್ಕೆ ಮತ್ತೆ ಎಲ್ಲರೂ ನೆಲಕ್ಕೆ. ಆಯಿ ಕೇಳಿದ್ದು ಒಂದೇ ಮಾತು: ‘ಬಾಣಂತೇರಿಗಿ ಮ್ಯಾಲಿನ ಮಾಳಗಿ ಯಾಕ ಕೊಟ್ಟಾರವ್ವ? ಕೆಳಗ ಆಫೀಸಿನ ಮಂದಿ ತಂಪಾಗಿ ಕುಂತಾರಲ್ಲ.’

ಶಾಲೆಯ ಮೆಟ್ಟಿಲು ಹತ್ತದ ಆಯಿ ಕೇಳಿದ ಈ ಪ್ರಶ್ನೆ ವೈದ್ಯಕೀಯ ನಿಯತಕಾಲಿಕದಲ್ಲೂ ಬಂದಿದೆ ಎಂಬುದು ಆಮೇಲೆ ಓದಿ ತಿಳಿಯಿತು. 2010ರ ಬೇಸಿಗೆಯಲ್ಲಿ ಅಹಮದಾಬಾದ್‌ನಲ್ಲಿ ಭಾರೀ ಬಿಸಿಗಾಳಿ ಬೀಸಿತು. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ 24 ನವಜಾತ ಶಿಶುಗಳು ಬಿಸಿಲಿನ ತೊಂದರೆಯಿಂದಲೇ ತೀವ್ರ ನಿಗಾ ಘಟಕ ಸೇರಿದವು. ಹಿಂದಿನ ವರ್ಷ ಅದೇ ಮೂರು ತಿಂಗಳಲ್ಲಿ ಅಂಥ ಶಿಶುಗಳು 8. ಹೆರಿಗೆ ವಾರ್ಡ್ ಇದ್ದದ್ದು ಕಟ್ಟಡದ ತೀರಾ ಮೇಲಿನ ಮಹಡಿಯಲ್ಲಿ. ಅದನ್ನು ಕೆಳಗಿನ ಮಹಡಿಗೆ ಇಳಿಸಿದರು. 2011ರಲ್ಲಿ ಸಂಖ್ಯೆ 4ಕ್ಕೆ ಬಂತು. ಆ ವರ್ಷ ಬಿಸಿಲೇ ಕಡಿಮೆ ಇದ್ದಿರಬಹುದಲ್ಲ ಎಂದು ನೀವು ಕೇಳಬಹುದು. ಸಂಶೋಧಕರೂ ಕೇಳಿಕೊಂಡರು. ಉಷ್ಣಾಂಶದ ಪರಿಣಾಮವನ್ನು ಬೇರ್ಪಡಿಸಿ ನೋಡಿದರೂ ವಾರ್ಡ್ ಇಳಿಸಿದ್ದರಿಂದ ಲಾಭವಾದದ್ದು ಕಂಡಿತು. 42 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿ ಏರಿದಾಗಲೂ ಇಂಥ ದಾಖಲಾತಿ ಶೇ 43ರಷ್ಟು ಹೆಚ್ಚುತ್ತಿತ್ತು ಎಂಬುದೂ ಗೊತ್ತಾಯಿತು. ಹೊಸ ಯಂತ್ರ ತಂದಿರಲಿಲ್ಲ, ಹೊಸ ಔಷಧಿಯೂ ಇರಲಿಲ್ಲ. ಮಂಚಗಳನ್ನು ಮೆಟ್ಟಿಲಿಳಿಸಿದ್ದರು.

ಬೇಸಿಗೆಯಲ್ಲಿ 42 ಡಿಗ್ರಿ ಎಂದರೆ ಕಲಬುರಗಿ ಜಿಲ್ಲೆಯವರಿಗೆ ಹೊಸ ಸುದ್ದಿಯೇನಲ್ಲ. ಹಾಗಾದರೆ ನಾವೂ ವಾರ್ಡ್ ಇಳಿಸಿಬಿಡೋಣ ಎನ್ನುವಂತಿಲ್ಲ. ನಮ್ಮ ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹೆಚ್ಚಿನವು ಒಂದೇ ಅಂತಸ್ತಿನವು. ಅಲ್ಲಿ ಕೆಳಗಿನ ಮಹಡಿಯೇ ಮೇಲಿನ ಮಹಡಿ! ಇಳಿಸುವುದು ಎಲ್ಲಿಗೆ? ಹಾಗಾಗಿ ಪ್ರಶ್ನೆ ಛಾವಣಿಯ ಮೇಲೆ ಬಂದು ನಿಲ್ಲುತ್ತದೆ. ಸಂಶೋಧನೆಗೆ ಹಣ, ಹೊತ್ತು ಎರಡೂ ಕಡಿಮೆ ಇರುವಾಗ ನಮ್ಮ ಭಾಗದಲ್ಲಿ ಮೊದಲು ಅಳೆಯಬೇಕಾದದ್ದು ಇದನ್ನೇ ಎಂಬುದು ನನ್ನ ವಾದ.

ಸ್ಲ್ಯಾಬಿಗೆ ಸುಣ್ಣ ಬಳಿದರೆ ತಂಪು ಎಂದು ಎಲ್ಲರಿಗೂ ಗೊತ್ತು. ಎಷ್ಟು ಡಿಗ್ರಿ ತಂಪು? ಅದಕ್ಕಿಂತ ಮುಖ್ಯ, ಎಷ್ಟು ದಿನ ತಂಪು? ವಾಡಿ, ಶಹಾಬಾದ್, ಸೇಡಂ ಸುತ್ತಮುತ್ತ ಸಿಮೆಂಟ್ ಕಾರ್ಖಾನೆ, ಕಲ್ಲಿನ ಗಣಿ, ಲಾರಿಗಳ ಓಡಾಟ. ಬಿಳಿ ಛಾವಣಿಯ ಮೇಲೆ ದೂಳು ಕೂತು ಬೂದುಬಣ್ಣವಾಗಲು ಎಷ್ಟು ತಿಂಗಳು ಬೇಕು? ಬೇರೆ ಊರಿನ ಅಧ್ಯಯನ ಇದಕ್ಕೆ ಉತ್ತರ ಕೊಡಲಾರದು, ಏಕೆಂದರೆ ಈ ದೂಳು ನಮ್ಮದು.

ಇನ್ನೊಂದು ದಾರಿಯೂ ಇದೆ. ಗಣಿಗಳ ಪಕ್ಕ ಒಡೆದ ಫರಸಿ ತುಂಡುಗಳ ರಾಶಿ ನೋಡದವರು ನಮ್ಮಲ್ಲಿ ಯಾರಿದ್ದಾರೆ? ಸ್ಲ್ಯಾಬಿನ ಮೇಲೆ ಸಣ್ಣ ಇಟ್ಟಿಗೆ ಆಧಾರ ಕೊಟ್ಟು, ನಾಲ್ಕು ಬೆರಳು ಜಾಗ ಬಿಟ್ಟು ಈ ಫರಸಿ ಹಾಸಿದರೆ ಬಿಸಿಲು ಕಲ್ಲಿಗೆ ಬೀಳುತ್ತದೆ, ನಡುವೆ ಗಾಳಿ ಆಡುತ್ತದೆ, ಸ್ಲ್ಯಾಬು ನೆರಳಿನಲ್ಲಿ ಇರುತ್ತದೆ. ಕೇಳಲು ಚೆಂದ. ಆದರೆ ಒಂದೂವರೆ ಇಂಚಿನ ಫರಸಿ ಎಂದರೆ ಚದರ ಮೀಟರಿಗೆ ಸುಮಾರು 100 ಕಿಲೋ ಭಾರ. ಹಳೆಯ ಸ್ಲ್ಯಾಬು ಅದನ್ನು ಹೊರುತ್ತದೆಯೇ? ಮಳೆಗಾಲದಲ್ಲಿ ನೀರು ನಿಂತು ಸೋರಿದರೆ? ತೆಳು ಫರಸಿ ಸಾಕೇ? ಇವೆಲ್ಲ ಲೆಕ್ಕ ಹಾಕಿ, ಒಂದು ಕೋಣೆಯ ಮೇಲೆ ಹಾಸಿ, ಪಕ್ಕದ ಕೋಣೆಯನ್ನು ಹಾಗೇ ಬಿಟ್ಟು, ಎರಡು ಬೇಸಿಗೆ ಅಳೆದು ಹೇಳಬೇಕಾದ ಮಾತು. ನಮ್ಮ ಹಿರಿಯರು ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಗಿ ಕಟ್ಟಿದ್ದು ಸುಮ್ಮನೆ ಅಲ್ಲ ಎಂದು ಭಾಷಣದಲ್ಲಿ ಎಲ್ಲರೂ ಹೇಳುತ್ತಾರೆ. ಥರ್ಮಾಮೀಟರ್ ಇಟ್ಟು ಹೇಳುವವರು ಕಡಿಮೆ.

ಆಸ್ಪತ್ರೆಯ ವಿನ್ಯಾಸದ ಬಗ್ಗೆ ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಮೊದಲು ಸಿಗುವ ಹೆಸರು ರೋಜರ್ ಅಲ್ರಿಚ್. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆ ನೋಡಿ 1984ರಲ್ಲಿ ಅವರು ಒಂದು ಲೇಖನ ಬರೆದರು. ಕಿಟಕಿಯಿಂದ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು: ಸರಾಸರಿ 7.96 ದಿನ, 8.70 ದಿನ. ಕಟ್ಟಡವೂ ಚಿಕಿತ್ಸೆಯ ಭಾಗ ಎಂದು ಅಂಕಿಗಳಲ್ಲಿ ತೋರಿಸಿದ್ದಕ್ಕೆ ಅದು ದೊಡ್ಡ ಕೆಲಸವೇ. ಆದರೆ ಅದನ್ನೇ ನಾವೂ ಮತ್ತೆ ಮಾಡುವುದರಲ್ಲಿ ನನಗೆ ಆಸಕ್ತಿ ಇಲ್ಲ. ನಮ್ಮಲ್ಲಿ ಕಿಟಕಿಯಿಂದ ಏನು ಕಾಣುತ್ತದೆ ಎನ್ನುವುದಕ್ಕಿಂತ ಆ ಕಿಟಕಿ ಪಶ್ಚಿಮಕ್ಕಿದೆಯೋ ಉತ್ತರಕ್ಕಿದೆಯೋ ಎಂಬುದು ದೊಡ್ಡ ಪ್ರಶ್ನೆ.

ಕಿಟಕಿಯ ಮಾತು ಬಂದರೆ ಗಾಳಿಯ ಮಾತೂ ಬರಬೇಕು. ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ನಮ್ಮ ಕಲಬುರಗಿಯಲ್ಲೇ, 2020ರ ಮಾರ್ಚ್‌ನಲ್ಲಿ. ಆಗ ಶಾಲೆಯಲ್ಲಿದ್ದ ನಮಗೂ ಮುಚ್ಚಿದ ಕೋಣೆಯ ಅಪಾಯ ಬಾಯಿಪಾಠವಾಯಿತು. ಅದಕ್ಕೂ ಮೊದಲೇ, 2007ರಲ್ಲಿ, ಪೆರು ದೇಶದ ಲಿಮಾ ನಗರದ ಎಂಟು ಆಸ್ಪತ್ರೆಗಳ 70 ಕೋಣೆಗಳಲ್ಲಿ ಗಾಳಿ ಗಂಟೆಗೆ ಎಷ್ಟು ಸಲ ಬದಲಾಗುತ್ತದೆ ಎಂದು ಅಳೆದ ಅಧ್ಯಯನ ಪ್ರಕಟವಾಗಿತ್ತು. ಕ್ಷಯದಂಥ ರೋಗ ಹರಡುವುದನ್ನು ತಡೆಯುವ ಯೋಚನೆ ಅವರದು. ಎತ್ತರದ ಛಾವಣಿ, ದೊಡ್ಡ ಕಿಟಕಿಗಳಿದ್ದ ಐವತ್ತು ವರ್ಷಕ್ಕಿಂತ ಹಳೆಯ ಕಟ್ಟಡಗಳಲ್ಲಿ 40 ಸಲ, ಕಿಟಕಿ ಗಾಳಿಯನ್ನೇ ನಂಬಿದ ಹೊಸ ಕಟ್ಟಡಗಳಲ್ಲಿ 17 ಸಲ. ಹಳೆಯದೇ ಗೆದ್ದಿತ್ತು. ಆದರೆ ಲಿಮಾದಲ್ಲಿ ನಮ್ಮ ಬಿಸಿಲಿಲ್ಲ. ಇಲ್ಲಿ ಮೇ ತಿಂಗಳಲ್ಲಿ ಕಿಟಕಿ ತೆರೆದರೆ ಬಿಸಿಗಾಳಿ, ದೂಳು. ಮುಚ್ಚಿದರೆ ಕೆಮ್ಮುವವರ ನಡುವೆ ನಿಂತ ಗಾಳಿ. ದಿನದ ಯಾವ ಹೊತ್ತಿನಲ್ಲಿ ತೆರೆಯಬೇಕು, ಯಾವಾಗ ಮುಚ್ಚಬೇಕು, ಮೇಲೊಂದು ಬೆಳಕಿಂಡಿ ಇದ್ದರೆ ಬಿಸಿಗಾಳಿ ತಾನೇ ಹೊರಹೋದೀತೇ? ಇದು ನನ್ನ ಎರಡನೇ ಪ್ರಶ್ನೆ.

ಮೂರನೆಯದು ರೋಗಿಯ ಜೊತೆ ಬಂದವರು. ವಿದೇಶದ ಪುಸ್ತಕದ ನಕಾಶೆಯಲ್ಲಿ ಒಂದು ಮಂಚಕ್ಕೆ ಒಬ್ಬ ಮನುಷ್ಯ. ನಮ್ಮ ದವಾಖಾನಿಯಲ್ಲಿ ಒಂದು ಮಂಚಕ್ಕೆ ರೋಗಿ, ಅವ್ವ, ಅತ್ತಿ, ಬುತ್ತಿಗಂಟು, ನೀರಿನ ಕ್ಯಾನು, ಹೊರಗೆ ಗಿಡದ ಕೆಳಗೆ ಮೂವರು ಗಂಡಸರು. ಇವರನ್ನು ‘ಗದ್ದಲ’ ಎಂದು ಬೈಯುವುದು ಸುಲಭ. ಆದರೆ ಔಷಧಿ ತರುವವರು, ರೋಗಿಗೆ ಉಣಿಸುವವರು, ಶೌಚಾಲಯಕ್ಕೆ ಕರೆದೊಯ್ಯುವವರು ಇವರೇ. ಇವರು ಮಲಗುವುದೆಲ್ಲಿ, ಕೈ ತೊಳೆಯುವುದೆಲ್ಲಿ, ಇವರನ್ನೂ ಲೆಕ್ಕಕ್ಕೆ ಹಿಡಿದರೆ ಶೌಚಾಲಯ ಎಷ್ಟು ಬೇಕು? ಎರಡು ದಿನ ಕೂತು ಎಣಿಸಿದರೆ ಸಿಗುವ ಉತ್ತರ ಇದು.

ಉಳಿದವೂ ಇವೆ. ಪಾಲಿಶ್ ಮಾಡಿದ ಫರಸಿ ಒದ್ದೆಯಾದರೆ ವಯಸ್ಸಾದವರು ಜಾರುತ್ತಾರೆ. ಓದಲು ಬಾರದವರಿಗೆ ಬೋರ್ಡುಗಳಿಂದ ಉಪಯೋಗವಿಲ್ಲ. ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ರಾತ್ರಿ 40 ಡೆಸಿಬಲ್ ಮಿತಿ ಎಂದು 2000ದಿಂದ ನಿಯಮವಿದೆ, ಹಾರ್ನ್ ಹೊಡೆಯುವವರಿಗೆ ಅದು ಗೊತ್ತಿದ್ದಂತಿಲ್ಲ.

ಇದನ್ನೆಲ್ಲ ಈ ಪುಟದಲ್ಲಿ ಬರೆಯಲು ಕಾರಣವಿದೆ. ಅಂತಿಮ ವರ್ಷದ ಪ್ರಾಜೆಕ್ಟ್ ಎಂದರೆ ನಮ್ಮಲ್ಲಿ ಅನೇಕರು ಸೀನಿಯರ್‌ಗಳ ರಿಪೋರ್ಟಿಗೆ ಹೊಸ ಕವರ್ ಹಾಕುತ್ತಾರೆ, ಇಲ್ಲವೇ ದುಡ್ಡು ಕೊಟ್ಟು ಮಾಡಿಸುತ್ತಾರೆ. ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಅದು ಬಯಲಾಗುತ್ತದೆ. ವಾರ್ಡಿನ ಉಷ್ಣಾಂಶ, ತೇವಾಂಶ ಅಳೆಯಲು ಬೇಕಾದ ಡಿಎಚ್‌ಟಿ-22 ಸೆನ್ಸರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅಳತೆ ಬರೆದಿಡಲು ಒಂದು ಇಎಸ್‌ಪಿ-32 ಬೋರ್ಡ್ ಸಾಕು. ಎಲೆಕ್ಟ್ರಾನಿಕ್ಸ್‌ನ ಒಬ್ಬರು, ಸಿವಿಲ್‌ನ ಇಬ್ಬರು ಸೇರಿದರೆ ತಂಡವಾಯಿತು. ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ಕಾಲೇಜಿನ ಮೂಲಕ ಅರ್ಜಿ ಕರೆದು ಸಹಾಯಧನ ಕೊಡುತ್ತದೆ, ವಿಭಾಗದ ಮುಖ್ಯಸ್ಥರನ್ನು ಕೇಳಿ ನೋಡಿ. ಒಂದು ಎಚ್ಚರಿಕೆ: ವೈದ್ಯಾಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಒಳಗೆ ಹೋಗಬೇಡಿ. ರೋಗಿಗಳ ಹೆಸರು, ಫೋಟೊ ಬೇಡವೇ ಬೇಡ. ನಾವು ಅಳೆಯುವುದು ಕಟ್ಟಡವನ್ನು.

ನಮ್ಮ ತಂಡ ಮೂರು ಸೆನ್ಸರ್‌ಗಳ ಯೋಜನೆ ಹಾಕಿಕೊಂಡು ಒಂದು ಆರೋಗ್ಯ ಕೇಂದ್ರಕ್ಕೆ ಅನುಮತಿ ಕೇಳಲು ಹೋಗಿತ್ತು: ಒಂದು ಛತ್ತಿಗೆ, ಒಂದು ಮಂಚದ ಎತ್ತರಕ್ಕೆ, ಒಂದು ಹೊರಗೆ ನೆರಳಿಗೆ. ಡಾಕ್ಟರು ಪತ್ರ ಓದಿ, ವೈರು ಯಾರ ಕಾಲಿಗೂ ತೊಡಕಬಾರದು ಎಂಬ ಷರತ್ತಿನ ಮೇಲೆ ಒಪ್ಪಿದರು. ಪಕ್ಕದಲ್ಲೇ ರಿಜಿಸ್ಟರ್ ಬರೆಯುತ್ತಿದ್ದ ನರ್ಸ್ ತಲೆ ಎತ್ತಿ, ‘ನಾಕನೇದು ತರ್‍ರಿ, ನಮ್ಮ ಡ್ಯೂಟಿ ರೂಮಿನಾಗೂ ಒಂದು ಇಡ್ರಿ. ರಾತ್ರಿಯೆಲ್ಲಾ ನಾವೂ ಅಲ್ಲೇ ಇರ್ತೀವಿ’ ಎಂದರು. ನಾಲ್ಕನೆಯದಕ್ಕೆ ಆರ್ಡರ್ ಮಾಡಿದ್ದೇವೆ.