ವೈರಿಗೆ ಕತ್ತರಿ ಹಾಕುವ ಮೊದಲು

ಹಳೇ ಜೀಪಿಗೆ ಫಾಗ್ ಲ್ಯಾಂಪ್ ಕೂರಿಸುವುದು ನಮಗೆ ಅರ್ಧ ಗಂಟೆಯ ಕೆಲಸವಾಗಿತ್ತು. ಹೆಡ್‌ಲೈಟಿನ ವೈರು ಸುಲಿದು ಇನ್ನೊಂದನ್ನು ಸುತ್ತಿದರೆ ಮುಗಿಯಿತು. ಹೊಸ ಗಾಡಿಗಳಲ್ಲಿ ಈ ಉಪಾಯ ನಡೆಯದು. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಪ್ರಕಟಿಸಿದ ‘ಕ್ಯಾನ್’ ಪದ್ಧತಿಯಲ್ಲಿ ಪ್ರತಿ ಸಂಕೇತಕ್ಕೂ ಪ್ರತ್ಯೇಕ ವೈರು ಬೇಕಿಲ್ಲ. ಹೊಸೆದ ಎರಡೇ ತಂತಿಗಳ ಮೇಲೆ ಎಂಜಿನ್, ಬ್ರೇಕ್, ಮೀಟರಿನ ಕಂಪ್ಯೂಟರುಗಳು ಸಂದೇಶ ಕಳಿಸುತ್ತವೆ. ತುರ್ತಿನದು ಮೊದಲು ಹೋಗುತ್ತದೆ. ತಾಮ್ರ ಉಳಿಯಿತು, ನಿಜ. ಆದರೆ ಆ ಜೋಡಿ ತಂತಿಗೆ ಕೈಯಿಟ್ಟರೆ ಗಾಡಿಯೇ ನಿಂತೀತು. ಹಲವು ಗಾಡಿಗಳಲ್ಲಿ ದೀಪದ ಕರೆಂಟನ್ನೂ ಕಂಪ್ಯೂಟರ್ ಅಳೆಯುತ್ತದೆ. ಹೆಚ್ಚಾದರೆ ದೋಷವೆಂದು ದೀಪವನ್ನೇ ಆರಿಸೀತು, ಅದೂ ಘಾಟಿಯ ಮಂಜಿನಲ್ಲಿ! ಆದ್ದರಿಂದ ಬೆಳೆಗಾರ ಬಾಂಧವರು ಬ್ಯಾಟರಿಯಿಂದಲೇ ಬೇರೆ ವೈರು ಎಳೆಸಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿಸಿ, ರಿಲೇ ಮೂಲಕ ಪ್ರತ್ಯೇಕ ಸ್ವಿಚ್ ಕೊಡಿಸಬೇಕು. ಮೆಕ್ಯಾನಿಕ್ ಹೊಸೆದ ಜೋಡಿ ತಂತಿ ಸುಲಿಯಲು ಹೊರಟರೆ ಅಲ್ಲೇ ತಡೆಯಿರಿ.