ತೆರೆದ ಅಂಗೈ

ತಮಿಳುನಾಡಿನ ಉತ್ತರಮೇರೂರಿನಲ್ಲಿ ಚೋಳ ಅರಸ ಒಂದನೆಯ ಪರಾಂತಕನ ಕಾಲದ ಶಾಸನಗಳಿವೆ. ಕ್ರಿ.ಶ. 921ರ ಶಾಸನದಂತೆ, ಕೆರೆ, ತೋಟ ಮೊದಲಾದವುಗಳ ಸಮಿತಿಗಳನ್ನು ಆರಿಸಲು ಆಬಾಲವೃದ್ಧರಾಗಿ ಸಭೆ ಸೇರಬೇಕಿತ್ತು. ಅರ್ಹರ ಹೆಸರು ಬರೆದ ಓಲೆಗಳನ್ನು ಗಡಿಗೆಯಲ್ಲಿ ಹಾಕಿ, ಏನೂ ಅರಿಯದ ಬಾಲಕನಿಂದ ಎತ್ತಿಸುತ್ತಿದ್ದರು. ಓಲೆ ಪಡೆಯುವವನು ಐದು ಬೆರಳುಗಳನ್ನೂ ಬಿಡಿಸಿ, ಅಂಗೈಯಲ್ಲಿ ಸ್ವೀಕರಿಸಿ, ಸಭೆಯಲ್ಲಿ ಓದಬೇಕಿತ್ತು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನೂ ಅವನ ಹತ್ತಿರದ ಬಂಧುಗಳೂ ಅನರ್ಹರು.

ಆದರೆ ಭೂಮಿಯೂ ವೇದಜ್ಞಾನವೂ ಉಳ್ಳ ಪುರುಷರಿಗಷ್ಟೇ ಅಲ್ಲಿ ಸದಸ್ಯತ್ವ ದೊರೆಯುತ್ತಿತ್ತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯಂತೆ ಗ್ರಾಮದ ಮತದಾರರೆಲ್ಲರೂ ಗ್ರಾಮಸಭೆಯ ಸದಸ್ಯರು. ಅಂದು ಕೆಲವರಿಗಿದ್ದ ಅಧಿಕಾರ ಇಂದು ಎಲ್ಲರದು. ಲೆಕ್ಕ ಕೇಳುವ ಹೊಣೆಯೂ ಎಲ್ಲರದು. ಬಹಿರಂಗವಾಗಿ ಆಡಿದ ಮಾತು, ಬರಹದಲ್ಲಿ ಉಳಿದ ಲೆಕ್ಕ, ಇವೆರಡೂ ಇಲ್ಲದೆಡೆ ಅಧಿಕಾರಕ್ಕೆ ಅಂಕೆಯಿಲ್ಲ.